ಕಂಪ್ಯೂಟರ್ ಪುಸ್ತಕವನ್ನು ಹಿಂದಿನಿಂದ ತೆರೆಯಿರಿ

ಜೂನ್ ತಿಂಗಳು ಬಂತು ಅಂದರೆ ನಮ್ಮ ಕ್ಲಾಸಿಗೆ ಸೇರೋಕೆ ಬರುವವರು ಮೊದಲು ಕೇಳುವುದು ಫೀಸು ಎಷ್ಟು ಅಂತ. ಆಮೇಲಿನ ಪ್ರಶ್ನೆ, "ಮೇಡಂ, ಪುಸ್ತಕ ಯಾವುದು ತಗೊಳ್ಳಲಿ?" ಫೀಸಿಗೆ ಒಂದೇ ಮಾತಿನ ಉತ್ತರ ಇದೆ. ಪುಸ್ತಕಕ್ಕೆ ಇಲ್ಲ. ತಿಪಟೂರಿನಲ್ಲಿ ಟ್ಯಾಲಿ (ಅಂಗಡಿ ಲೆಕ್ಕ ಬರೆಯುವ ತಂತ್ರಾಂಶ), ಎಕ್ಸೆಲ್, ಸ್ವಲ್ಪ ವಿಂಡೋಸ್ ಹೇಳಿಕೊಡುತ್ತಾ ಬಂದವಳು ನಾನು. ಬಾಗಿಲಲ್ಲಿ ನಿಂತವರಿಗೆ ಇಷ್ಟುದ್ದ ಹೇಳೋಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸಿದರಾಯಿತು.

ಪುಸ್ತಕ ಕೇಳಿದವರನ್ನು ನಾನು ತಿರುಗಿ ಕೇಳುತ್ತೇನೆ: "ಯಾವ ಕೆಲಸ ಆಗಬೇಕು?" "ಕಂಪ್ಯೂಟರ್ ಕಲೀಬೇಕು ಮೇಡಂ" ಅನ್ನುತ್ತಾರೆ. ಅದು ಕೆಲಸ ಅಲ್ಲ. ಕೊಬ್ಬರಿ ಮಂಡಿಯ ಲೆಕ್ಕ ಬರೀಬೇಕು ಅಂದರೆ ಅದು ಕೆಲಸ. ಹಾಲಿನ ಸೊಸೈಟಿಯ ಸದಸ್ಯರ ಪಟ್ಟಿಯನ್ನು ಊರುವಾರು ಬೇರೆ ಮಾಡಬೇಕು ಅಂದರೆ ಅದೂ ಕೆಲಸ. ಲ್ಯಾಪ್‌ಟಾಪ್ ತುಂಬಿಹೋಗಿದೆ, ಮಗಳ ಮದುವೆ ಫೋಟೋಗಳನ್ನು ಎಲ್ಲಿಡಲಿ ಅಂದರೆ ಅದು ಇನ್ನೂ ಒಳ್ಳೆ ಕೆಲಸ. ಇಂಥ ಒಂದು ಕೆಲಸವನ್ನು ತಲೆಯಲ್ಲಿ ಇಟ್ಟುಕೊಂಡು ಪುಸ್ತಕದಂಗಡಿಗೆ ಹೋದರೆ ಅರ್ಧ ಆಯ್ಕೆ ಆದ ಹಾಗೆ.

ಇನ್ನರ್ಧ ನಿಮ್ಮ ಮನೆಯಲ್ಲೇ ಆಗಬೇಕು. ಹೊರಡುವ ಮುಂಚೆ ನಿಮ್ಮ ಯಂತ್ರದಲ್ಲಿ ಯಾವ ಆವೃತ್ತಿ ಇದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವಿಂಡೋಸ್ ಆದರೆ ವಿಂಡೋಸ್ ಕೀ ಜತೆ ಆರ್ ಒತ್ತಿ, ವಿನ್‌ವರ್ ಅಂತ ಟೈಪ್ ಮಾಡಿ ಎಂಟರ್ ಕೊಡಿ. ಒಂದು ಸಣ್ಣ ಪೆಟ್ಟಿಗೆಯಲ್ಲಿ ಎಲ್ಲಾ ಬರುತ್ತದೆ. ವರ್ಡ್, ಎಕ್ಸೆಲ್‌ನಲ್ಲಿ ಫೈಲ್, ಆಮೇಲೆ ಅಕೌಂಟ್. ಟ್ಯಾಲಿಯಲ್ಲಿ ಎಫ್1 ಒತ್ತಿ ಅಬೌಟ್ ನೋಡಿ. ವಿಂಡೋಸ್ ಬದಲು ಉಬುಂಟು (ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂನ ಒಂದು ಬಗೆ) ಇದ್ದರೆ ಸೆಟ್ಟಿಂಗ್ಸ್‌ನ ಕೊನೆಯ ಕಡೆ ಅಬೌಟ್ ಇದೆ. ಫೋನಿನಲ್ಲಿ ಫೋಟೋ ತೆಗೆದುಕೊಂಡರೂ ಸಾಕು.

ಇದೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ ಹೊಸಬರು ಪುಸ್ತಕ ಬಿಟ್ಟು ಏಳುವುದಕ್ಕೆ ನಾನು ಕಂಡ ಹಾಗೆ ಇದೇ ದೊಡ್ಡ ಕಾರಣ. ಪುಸ್ತಕ "ಎಡಿಟ್ ಮೆನು ಒತ್ತಿ" ಅನ್ನುತ್ತದೆ. ಪರದೆಯಲ್ಲಿ ಎಡಿಟ್ ಮೆನುವೇ ಇಲ್ಲ. ಕಲಿಯುವವರಿಗೆ ಪುಸ್ತಕ ಹಳೆಯದು ಅಂತ ಹೊಳೆಯುವುದಿಲ್ಲ. "ನನಗೆ ತಲೆಗೆ ಹತ್ತುತ್ತಿಲ್ಲ" ಅಂದುಕೊಳ್ಳುತ್ತಾರೆ. ಐವತ್ತು ದಾಟಿದವರಂತೂ ಎರಡನೇ ದಿನಕ್ಕೇ ಪುಸ್ತಕ ಮುಚ್ಚುತ್ತಾರೆ. ಎಕ್ಸೆಲ್‌ನ ಮೇಲ್ಭಾಗದ ಸಾಲು ಮೆನುಗಳು ಹೋಗಿ ಈಗಿನ ಅಗಲ ಪಟ್ಟಿ ಬಂದದ್ದು 2007ರಲ್ಲಿ. ಅದಕ್ಕೂ ಹಿಂದಿನ 2003ರ ಆವೃತ್ತಿಯನ್ನು ನೋಡಿ ಬರೆದ ಪುಸ್ತಕಗಳು ಫುಟ್‌ಪಾತ್‌ನಲ್ಲಿ ಇವತ್ತಿಗೂ ಸಿಗುತ್ತವೆ. ಆ ಪುಸ್ತಕಗಳ ಪ್ರಕಾರ ಒಂದು ಶೀಟಿನಲ್ಲಿ 65,536 ಸಾಲು. ಈಗ ಇರುವುದು 10,48,576.

ವರ್ಷ ನೋಡುವುದರಲ್ಲೂ ಒಂದು ಮೋಸ ಇದೆ. ಮುಖಪುಟ ಹೊಸದಾಗಿ ಮಿರಮಿರ ಅನ್ನುತ್ತಿರುತ್ತದೆ. ಒಳಗೆ "ಮರುಮುದ್ರಣ" ಅಂತ ಈಚಿನ ಇಸವಿ ಇರುತ್ತದೆ. ಮರುಮುದ್ರಣ ಅಂದರೆ ಅದೇ ಹಳೇ ಪುಟಗಳನ್ನು ಮತ್ತೆ ಅಚ್ಚು ಹಾಕಿದ್ದು, ಅಷ್ಟೇ. ನೀವು ಹುಡುಕಬೇಕಾದದ್ದು ಆ ಆವೃತ್ತಿ ಮೊದಲು ಬಂದ ಇಸವಿ. ಅದು ಅದೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ನನ್ನ ಹತ್ತಿರ ಒಂದು ಪುಸ್ತಕ ಇದೆ. ಹೊದಿಕೆಯ ಮೇಲೆ ಹೊಸ ವಿಂಡೋಸ್‌ನ ಚಿತ್ರ. ಒಳಗಿನ ಪರದೆಗಳಲ್ಲಿ ಹಳೇ ವಿಂಡೋಸ್ ಎಕ್ಸ್‌ಪಿಯ ಹಸಿರು ಸ್ಟಾರ್ಟ್ ಬಟನ್! ಪ್ರಕಾಶಕರ ಹೆಸರು ಬೇಡ ಬಿಡಿ. ಹೊದಿಕೆಯನ್ನು ನಂಬಬೇಡಿ ಅಂತ ತೋರಿಸೋಕೆ ಅದನ್ನು ಕ್ಲಾಸಿನಲ್ಲಿ ಇಟ್ಟುಕೊಂಡಿದ್ದೇನೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದೇ 2014ರ ಏಪ್ರಿಲ್‌ನಲ್ಲಿ.

ಇನ್ನು ಅಂಗಡಿಯಲ್ಲಿ ಏನು ಮಾಡಬೇಕು? ಪುಸ್ತಕವನ್ನು ಹಿಂದಿನಿಂದ ತೆರೆಯಿರಿ.

ಮೊದಲ ಅಧ್ಯಾಯ ಎಲ್ಲಾ ಪುಸ್ತಕಗಳಲ್ಲೂ ಚೆನ್ನಾಗೇ ಇರುತ್ತದೆ. ಕಂಪ್ಯೂಟರ್ ಅಂದರೇನು, ಅದರ ತಲೆಮಾರುಗಳು ಎಷ್ಟು, ಚಾರ್ಲ್ಸ್ ಬ್ಯಾಬೇಜ್ ಯಾರು. ಅದನ್ನು ಓದಿ ಪುಸ್ತಕ ಕೊಂಡರೆ ಪರೀಕ್ಷೆಯ ಎರಡು ಮಾರ್ಕಿನ ಪ್ರಶ್ನೆಗೆ ಆಗುತ್ತದೆ, ಮಂಡಿಯ ಲೆಕ್ಕಕ್ಕೆ ಆಗುವುದಿಲ್ಲ. ಹಿಂದೆ ಅಕಾರಾದಿ ಪಟ್ಟಿ ಇರುತ್ತದಲ್ಲ, ಅಲ್ಲಿಂದ ಶುರು ಮಾಡಿ. ನಿಮ್ಮ ಕೆಲಸಕ್ಕೆ ಸಂಬಂಧಪಟ್ಟ ಮಾತು ಅಲ್ಲಿ ಇದೆಯಾ ನೋಡಿ. ಇದ್ದರೆ ಆ ಪುಟಕ್ಕೆ ಹೋಗಿ ನಿಂತಲ್ಲೇ ಓದಿ. ಪಟ್ಟಿಯೇ ಇಲ್ಲದ ಪುಸ್ತಕವಾದರೆ, ಸುಮ್ನೆ ವಾಪಸ್ ಇಡಿ. ಕಂಪ್ಯೂಟರ್ ಪುಸ್ತಕವನ್ನು ಯಾರೂ ಕಾದಂಬರಿ ತರ ಮೊದಲಿಂದ ಕೊನೆತನಕ ಓದುವುದಿಲ್ಲ. ಕೆಲಸ ಕೆಟ್ಟು ನಿಂತಾಗ ತೆರೆಯುತ್ತೇವೆ. ಆಗ ಬೇಕಾದದ್ದು ಸಿಗದಿದ್ದರೆ ಎಂಟುನೂರು ಪುಟ ಇದ್ದು ಏನು ಬಂತು?

ಪಟ್ಟಿಯಲ್ಲಿ ಇನ್ನೊಂದನ್ನೂ ಹುಡುಕುತ್ತೇನೆ. ತಪ್ಪುಗಳು. ಎಕ್ಸೆಲ್ ಪುಸ್ತಕದಲ್ಲಿ ಹ್ಯಾಷ್ ಗುರುತಿನಿಂದ ಶುರುವಾಗುವ ದೋಷದ ಹೆಸರುಗಳು ಇವೆಯಾ? ವಿಂಡೋಸ್ ಪುಸ್ತಕದಲ್ಲಿ "ಪ್ರಿಂಟ್ ಆಗುತ್ತಿಲ್ಲ", "ಫೈಲ್ ಕಾಣುತ್ತಿಲ್ಲ" ಅನ್ನುವಂಥವು ಇವೆಯಾ? ಎಲ್ಲವೂ ಸರಿಯಾಗಿ ನಡೆದಾಗ ಏನಾಗುತ್ತದೆ ಅಂತ ಹೇಳೋಕೆ ಎಲ್ಲರಿಗೂ ಬರುತ್ತದೆ. ಕೆಟ್ಟಾಗ ಏನು ಮಾಡಬೇಕು ಅಂತ ಬರೆದವರು ಆ ಕೆಲಸವನ್ನು ನಿಜವಾಗಿ ಮಾಡಿದವರು.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಎಕ್ಸೆಲ್‌ನ ವಿ-ಲುಕಪ್ ತೆಗೆದುಕೊಳ್ಳಿ. ಒಂದು ಶೀಟಿನಲ್ಲಿ ಸಾಮಾನಿನ ಹೆಸರು, ಇನ್ನೊಂದು ಶೀಟಿನಲ್ಲಿ ದರಪಟ್ಟಿ. ಹೆಸರು ಕೊಟ್ಟರೆ ದರ ತಾನಾಗಿ ಬರಬೇಕು. ಅಂಗಡಿ ಲೆಕ್ಕ ಬರೆಯುವವರಿಗೆ ದಿನಾ ಬೇಕಾಗುವುದು ಇದು. ನಾನು ಯಾವ ಎಕ್ಸೆಲ್ ಪುಸ್ತಕ ಕೈಗೆತ್ತಿಕೊಂಡರೂ ಮೊದಲು ತೆರೆಯುವುದು ಈ ಪುಟ.

ಕೆಟ್ಟ ಪುಸ್ತಕದಲ್ಲಿ ಇದಕ್ಕೆ ಕಾಲು ಪುಟ. ಸೂತ್ರ ಹೀಗಿದೆ, ನಾಲ್ಕು ಭಾಗ ಕೊಡಬೇಕು, ಕೊನೆಯದು ಕೊಡದಿದ್ದರೂ ನಡೆಯುತ್ತದೆ. ಮುಗಿಯಿತು. ಆ "ಕೊಡದಿದ್ದರೂ ನಡೆಯುತ್ತದೆ" ಅನ್ನುವುದೇ ಅಪಾಯ. ನಾಲ್ಕನೆಯದನ್ನು ಬಿಟ್ಟರೆ ಎಕ್ಸೆಲ್ ಅದನ್ನು "ಹತ್ತಿರದ್ದು ಸಿಕ್ಕರೂ ಸಾಕು" ಅಂತ ಅರ್ಥ ಮಾಡಿಕೊಳ್ಳುತ್ತದೆ. ಆಗ ದರಪಟ್ಟಿ ಅಕ್ಷರದ ಕ್ರಮದಲ್ಲಿ ಇರಲೇಬೇಕು. ಇಲ್ಲದಿದ್ದರೆ ಬೆಲ್ಲದ ದರದ ಜಾಗಕ್ಕೆ ಬೇರೆ ಯಾವುದರದೋ ದರ ಬಂದು ಕೂರುತ್ತದೆ. ದೋಷದ ಸೂಚನೆಯೂ ಬರುವುದಿಲ್ಲ. ಬಿಲ್ಲು ನೋಡಿದವರಿಗೆ ಎಲ್ಲಾ ಸರಿಯಾಗೇ ಕಾಣುತ್ತದೆ. ಸಂಜೆ ಗಲ್ಲಾಪೆಟ್ಟಿಗೆ ಎಣಿಸಿದಾಗಲೇ ಗೊತ್ತಾಗುವುದು.

ಒಳ್ಳೆ ಪುಸ್ತಕ ನಾಲ್ಕನೆಯ ಜಾಗದಲ್ಲಿ ಫಾಲ್ಸ್ ಕೊಡಿ ಅಂತ ಮೊದಲೇ ಹೇಳುತ್ತದೆ, ಯಾಕೆ ಅಂತಲೂ ಹೇಳುತ್ತದೆ. ಆಮೇಲೆ ಇನ್ನೊಂದು ಮಾತು ಸೇರಿಸುತ್ತದೆ. ಹೆಸರು ಎರಡೂ ಕಡೆ ಒಂದೇ ತರ ಕಾಣುತ್ತಿದ್ದರೂ ಉತ್ತರ ಸಿಗುತ್ತಿಲ್ಲ ಅಂದರೆ, ಹೆಸರಿನ ಕೊನೆಯಲ್ಲಿ ಯಾರೋ ಒಂದು ಖಾಲಿ ಜಾಗ ಬಿಟ್ಟಿರಬಹುದು, ಟ್ರಿಮ್ ಅನ್ನುವ ಸೂತ್ರ ಬಳಸಿ ತೆಗೆಯಿರಿ ಅಂತ. ಈ ಒಂದು ವಾಕ್ಯ ಇದ್ದರೆ ನಾನು ಕಣ್ಣು ಮುಚ್ಚಿ ಆ ಪುಸ್ತಕ ತೆಗೆದುಕೊಳ್ಳಿ ಅನ್ನುತ್ತೇನೆ. ಇದು ಮೈಕ್ರೋಸಾಫ್ಟ್‌ನ ಸಹಾಯದ ಪುಟ ನೋಡಿ ಇಳಿಸಿದ ವಾಕ್ಯ ಅಲ್ಲ. ಬೇರೆಯವರು ಟೈಪ್ ಮಾಡಿದ ಪಟ್ಟಿಯ ಜತೆ ಗುದ್ದಾಡಿದವರು ಬರೆದದ್ದು.

ಈಗ ಎಕ್ಸ್-ಲುಕಪ್ ಅಂತ ಹೊಸದು ಬಂದಿದೆ. ಅದು ಕೇಳಿದ್ದನ್ನೇ ಹುಡುಕುತ್ತದೆ, ನಾಲ್ಕನೆಯದರ ತಾಪತ್ರಯ ಇಲ್ಲ. ಆದರೆ ಅದು ಇರುವುದು ಮೈಕ್ರೋಸಾಫ್ಟ್ 365ರಲ್ಲಿ ಮತ್ತು ಎಕ್ಸೆಲ್ 2021ರಿಂದ ಈಚೆಗೆ. ನಿಮ್ಮ ಆಫೀಸಿನಲ್ಲಿ 2016 ಇದ್ದರೆ ಹೊಚ್ಚ ಹೊಸ ಪುಸ್ತಕ ಕೊಂಡರೂ ಆ ಅಧ್ಯಾಯ ನಿಮಗೆ ನಡೆಯುವುದಿಲ್ಲ. ಹಳೇ ಪುಸ್ತಕದ ತೊಂದರೆ ಎಲ್ಲರಿಗೂ ಗೊತ್ತು. ಹೊಸ ಪುಸ್ತಕಕ್ಕೂ ತೊಂದರೆ ಇದೆ ಅನ್ನುವುದು ಗೊತ್ತಿರುವುದಿಲ್ಲ. ಅದಕ್ಕೇ ಆ ಚೀಟಿ.

ಅಮೆರಿಕದ ಪುಸ್ತಕಗಳ ಬಗ್ಗೆ ಒಂದು ಎಚ್ಚರಿಕೆ. ಅವು ಚೆನ್ನಾಗಿರುತ್ತವೆ. ಆದರೆ ಅಲ್ಲಿ ತಾರೀಖು ಬರೆಯುವಾಗ ತಿಂಗಳು ಮೊದಲು, ದಿನ ಆಮೇಲೆ. 03/04 ಅಂದರೆ ಅವರಿಗೆ ಮಾರ್ಚ್ 4, ನಮಗೆ ಏಪ್ರಿಲ್ 3. ಲಕ್ಷದ ಕಾಮಾ ಅವರಿಗೆ ಬೇಕಿಲ್ಲ. 1,00,000 ಅಂತ ಕಾಣಬೇಕಾದರೆ ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಇಂಡಿಯಾ ಇರಬೇಕು. ಇದನ್ನು ಆ ಪುಸ್ತಕಗಳು ಯಾಕೆ ಹೇಳುತ್ತವೆ? ನಮ್ಮವರು ಬರೆದ ಪುಸ್ತಕದಲ್ಲಿ ಈ ಎರಡು ವಿಷಯ ಇಲ್ಲದಿದ್ದರೆ ಮಾತ್ರ ನನಗೆ ಅನುಮಾನ ಬರುತ್ತದೆ. ಎಲ್ಲಿಂದಲೋ ಎತ್ತಿದ್ದು ಅನ್ನಿಸುತ್ತದೆ.

ಟ್ಯಾಲಿಗೆ ಬರೋಣ. ನಮ್ಮ ಊರಿನಲ್ಲಿ ಜಾಸ್ತಿ ಜನ ಕಲಿಯುವುದು ಇದನ್ನೇ. ಬಿ.ಕಾಂ ಮುಗಿಸಿದ ಹುಡುಗಿಯರಿಗೆ ಮಂಡಿಯಲ್ಲೋ ಆಡಿಟರ್ ಹತ್ತಿರವೋ ಕೆಲಸ ಸಿಗುವುದು ಇದರಿಂದ. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯದು, 1986ರಲ್ಲಿ ಶುರುವಾದದ್ದು. ಆದ್ದರಿಂದ ಪುಸ್ತಕಗಳೂ ನಮ್ಮ ಲೆಕ್ಕದ ಪದ್ಧತಿಗೆ ತಕ್ಕ ಹಾಗೆ ಇರುತ್ತವೆ, ಕಾಮಾದ ಜಗಳ ಇಲ್ಲ. ಇಲ್ಲಿಯ ಜಗಳ ಬೇರೆ. ತೆರಿಗೆ ಬದಲಾದಾಗಲೆಲ್ಲ ಪುಸ್ತಕ ಹಳೆಯದಾಗುತ್ತದೆ.

ಹೋದ ಬಾರಿ ಒಬ್ಬ ಹುಡುಗಿ ಅಣ್ಣನ ಪುಸ್ತಕ ತಂದಿದ್ದಳು. ಅಚ್ಚುಕಟ್ಟಾಗಿ ಬೈಂಡ್ ಹಾಕಿಸಿದ್ದು. "ಇದು ನಡೆಯುತ್ತಾ ಮೇಡಂ? ಇನ್ನೊಂದಕ್ಕೆ ದುಡ್ಡು ಯಾಕೆ ಅಂತ ಅಮ್ಮ ಅಂತಾರೆ." ತೆರೆದು ನೋಡಿದರೆ ಟ್ಯಾಲಿ ಇಆರ್‌ಪಿ 9, ಕರ್ನಾಟಕದ ಹಳೇ ಮಾರಾಟ ತೆರಿಗೆ ವ್ಯಾಟ್ ಶೇಕಡಾ 5.5 ಮತ್ತು 14.5, ಅದರ ನೋಂದಣಿಯ ಟಿನ್ ನಂಬರು ತುಂಬುವುದು ಹೇಗೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಅದೆಲ್ಲ ಹೋಯಿತು. 2020ರ ಕೊನೆಯಲ್ಲಿ ಟ್ಯಾಲಿಪ್ರೈಮ್ ಬಂದು ಪರದೆಯೂ ಬದಲಾಯಿತು.

ಆದರೂ ಆ ಪುಸ್ತಕವನ್ನು ಎಸೆಯಬೇಡ ಅಂದೆ. ನಾವಿಬ್ಬರೂ ಕೂತು ಅದರ ಮೇಲೆ ಪೆನ್ಸಿಲ್ ಆಡಿಸಿದೆವು. ಎಫ್4 ಕಾಂಟ್ರಾ, ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಇವು ಪ್ರೈಮ್‌ನಲ್ಲೂ ಹಾಗೇ ಇವೆ. ಟಿಕ್. ಕ್ರೆಡಿಟ್ ನೋಟ್‌ಗೆ ಹಳೆಯದರಲ್ಲಿ ಕಂಟ್ರೋಲ್ ಎಫ್8, ಈಗ ಆಲ್ಟ್ ಎಫ್6. ತಿದ್ದು. ಲೆಡ್ಜರ್ ಮಾಡೋಕೆ ಮೊದಲು ಅಕೌಂಟ್ಸ್ ಇನ್ಫೋ ಒಳಗೆ ಹೋಗಬೇಕಿತ್ತು, ಈಗ ಗೇಟ್‌ವೇ ಅನ್ನುವ ಮೊದಲ ಪರದೆಯಲ್ಲೇ ಕ್ರಿಯೇಟ್ ಇದೆ. ತಿದ್ದು. ವ್ಯಾಟ್ ಅಧ್ಯಾಯ ಪೂರ್ತಿ, ಅಡ್ಡಗೆರೆ.

ಗ್ರೂಪುಗಳ ಅಧ್ಯಾಯಕ್ಕೆ ಬಂದಾಗ ತಿದ್ದೋಕೆ ಏನೂ ಸಿಗಲಿಲ್ಲ. ಟ್ಯಾಲಿಯಲ್ಲಿ ಮೊದಲೇ ಇರುವ ಗ್ರೂಪುಗಳು 28. ಆಗಲೂ ಅಷ್ಟೇ, ಈಗಲೂ ಅಷ್ಟೇ. ಸಂಡ್ರಿ ಡೆಟರ್ಸ್ ಅಂದರೆ ನಮಗೆ ಕೊಡಬೇಕಾದವರು, ಸಂಡ್ರಿ ಕ್ರೆಡಿಟರ್ಸ್ ಅಂದರೆ ನಾವು ಕೊಡಬೇಕಾದವರು. ಅದು ತೆರಿಗೆ ಬದಲಾದರೂ ಬದಲಾಗುವುದಿಲ್ಲ. ಆ ಪುಸ್ತಕ ಬರೆದವರು ಒಂದು ಒಳ್ಳೆ ಕೆಲಸ ಮಾಡಿದ್ದರು. ಮಾಲು ತಂದಾಗ ಕೊಟ್ಟ ಹಮಾಲಿಯನ್ನು ಡೈರೆಕ್ಟ್ ಎಕ್ಸ್‌ಪೆನ್ಸಸ್‌ಗೆ ಯಾಕೆ ಹಾಕಬೇಕು, ಅಂಗಡಿಯ ಕರೆಂಟ್ ಬಿಲ್ಲನ್ನು ಇನ್‌ಡೈರೆಕ್ಟ್‌ಗೆ ಯಾಕೆ ಹಾಕಬೇಕು, ತಪ್ಪಿ ಹಾಕಿದರೆ ಒಟ್ಟು ಲಾಭದಲ್ಲಿ ಏನು ವ್ಯತ್ಯಾಸ ಕಾಣುತ್ತದೆ ಅಂತ ಎರಡು ಲಾಭ-ನಷ್ಟದ ತಖ್ತೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ್ದರು. ಈಗ ಬರುತ್ತಿರುವ ಹೊಸ ಟ್ಯಾಲಿ ಪುಸ್ತಕಗಳಲ್ಲಿ ಎಷ್ಟರಲ್ಲಿ ಇದು ಇದೆ? ಬಹಳಷ್ಟರಲ್ಲಿ ಬರೀ ಇಲ್ಲಿ ಒತ್ತಿ, ಅಲ್ಲಿ ಒತ್ತಿ.

ಜಿಎಸ್‌ಟಿ ಅಧ್ಯಾಯಕ್ಕೆ ಮಾತ್ರ ಹೊಸದು ಬೇಕೇ ಬೇಕು. ಅದರಲ್ಲೂ ಈಗ ಕೊಳ್ಳುವವರು ಹುಷಾರಾಗಿರಿ. 2025ರ ಸೆಪ್ಟೆಂಬರ್ 22ರಿಂದ 12 ಮತ್ತು 28ರ ದರಗಳನ್ನು ತೆಗೆದು ಬಹುತೇಕ ಸಾಮಾನನ್ನು 5 ಮತ್ತು 18ಕ್ಕೆ ತಂದಿದ್ದಾರೆ. ಅದಕ್ಕೂ ಮುಂಚಿನ ಪುಸ್ತಕದಲ್ಲಿ ನಾಲ್ಕು ದರಗಳ ಉದಾಹರಣೆ ಇರುತ್ತದೆ. ಅಷ್ಟಕ್ಕೇ ಪುಸ್ತಕ ಕೆಟ್ಟದು ಅಲ್ಲ. ರಾಜ್ಯದ ಒಳಗೆ ಮಾರಿದರೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಎರಡು ಪಾಲು, ಹೊರರಾಜ್ಯಕ್ಕೆ ಮಾರಿದರೆ ಐಜಿಎಸ್‌ಟಿ ಒಂದೇ ಅನ್ನುವ ಲೆಕ್ಕ ಹಾಗೇ ಇದೆ. ದರದ ಅಂಕಿಯನ್ನು ಮಾತ್ರ ಪುಸ್ತಕದಿಂದ ಎತ್ತಬೇಡಿ, ಅಷ್ಟೇ. ಆ ಹುಡುಗಿ ಕೊನೆಗೆ ಜಿಎಸ್‌ಟಿಗೆ ಮಾತ್ರ ಒಂದು ತೆಳ್ಳನೆಯದನ್ನು ಕೊಂಡಳು. ಅಣ್ಣನ ಪುಸ್ತಕ ಪಕ್ಕದಲ್ಲಿ ಇತ್ತು. ಅವಳ ಅಮ್ಮನಿಗೂ ಸಮಾಧಾನ.

ತೆಳ್ಳನೆಯದು ಅಂದೆ. ದಪ್ಪ ಪುಸ್ತಕದ ಮೇಲೆ ನಮ್ಮವರಿಗೆ ಒಂದು ಮೋಹ. ಒಂದೇ ಪುಸ್ತಕದಲ್ಲಿ ವಿಂಡೋಸ್, ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್, ಫೋಟೋಶಾಪ್, ಪೇಜ್‌ಮೇಕರ್, ಕೋರೆಲ್‌ಡ್ರಾ, ಟ್ಯಾಲಿ, ಕೊನೆಗೆ ಇಂಟರ್‌ನೆಟ್. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ! ಇಂಥದ್ದನ್ನು ಕೊಳ್ಳಬೇಡಿ ಅಂತ ನೇರವಾಗಿ ಹೇಳುತ್ತೇನೆ. ಒಂದೊಂದು ವಿಷಯಕ್ಕೆ ಅರವತ್ತು ಪುಟ ಸಿಕ್ಕರೆ ಹೆಚ್ಚು, ಅದರಲ್ಲಿ ಅರ್ಧ ಚಿತ್ರ. ಅವೂ ಕಪ್ಪುಬಿಳುಪಿನಲ್ಲಿ, ಯಾವ ಬಟನ್ ಅಂತಲೇ ಕಾಣದ ಹಾಗೆ. ಒಂದು ವಿಷಯ, ಇನ್ನೂರೈವತ್ತು ಮುನ್ನೂರು ಪುಟ. ಅದು ಹದ.

ಸರ್ಕಾರಿ ನೌಕರರು ಬಂದಾಗ ಮಾತ್ರ ಬೇರೆ ಮಾತು. 2012ರ ನಿಯಮದ ಪ್ರಕಾರ ಅವರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಪ್ರಶ್ನೋತ್ತರದ ಗೈಡುಗಳು ಸಿಗುತ್ತವೆ. ತಗೊಳ್ಳಿ, ಓದಿ, ಪಾಸಾಗಿ. ತಪ್ಪೇನಿಲ್ಲ. ಆದರೆ ಅದೇ ಗೈಡು ಹಿಡಿದು ಕಚೇರಿಯ ಪತ್ರ ತಯಾರಿಸೋಕೆ ಕೂರಬೇಡಿ.

ವಿಂಡೋಸ್‌ಗೆ ಪುಸ್ತಕ ಬೇಕಾ? ನನ್ನ ಅಭಿಪ್ರಾಯದಲ್ಲಿ ಬಹಳ ಜನಕ್ಕೆ ಬೇಡ. ಫೈಲು, ಫೋಲ್ಡರು, ಡೌನ್‌ಲೋಡ್ ಆದದ್ದು ಎಲ್ಲಿ ಹೋಗುತ್ತದೆ, ಶಾರ್ಟ್‌ಕಟ್ ಅಳಿಸಿದರೆ ಫೈಲು ಹೋಗುತ್ತಾ ಇಲ್ವಾ, ಬ್ಯಾಕಪ್ ಹೇಗೆ. ಇಷ್ಟು ತಿಳಿದರೆ ಉಳಿದದ್ದು ಕೈಗೆ ತಾನಾಗಿ ಬರುತ್ತದೆ. ಇಷ್ಟನ್ನು ಮೊದಲ ನೂರು ಪುಟದೊಳಗೆ ಹೇಳುವ ಪುಸ್ತಕ ಸಿಕ್ಕರೆ ತಗೊಳ್ಳಿ. ಬಣ್ಣ ಬದಲಿಸುವುದು, ಹಿನ್ನೆಲೆ ಚಿತ್ರ ಹಾಕುವುದು ಅಂತ ಶುರು ಮಾಡುವ ಪುಸ್ತಕ ನಮ್ಮ ಸಮಯ ತಿನ್ನುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಈಗ ಕೊಳ್ಳುವುದಾದರೆ 11ರದ್ದನ್ನೇ ಕೊಳ್ಳಿ. ಅದರಲ್ಲೂ ವರ್ಷಕ್ಕೊಂದು ದೊಡ್ಡ ಅಪ್‌ಡೇಟ್ ಬಂದು ಒಂದೆರಡು ಬಟನ್ ಜಾಗ ಬದಲಿಸುತ್ತವೆ. ಗಾಬರಿ ಬೇಡ.

ದಡ್ಡರಿಗಾಗಿ ಅನ್ನುವ ಅರ್ಥದ "ಡಮ್ಮೀಸ್" ಸರಣಿಯ ಹಳದಿ ಪುಸ್ತಕಗಳನ್ನು ಕೈಯಲ್ಲಿ ಹಿಡಿಯೋಕೆ ಕೆಲವರಿಗೆ ನಾಚಿಕೆ. ಅದರ ಮೊದಲ ಪುಸ್ತಕ 1991ರಲ್ಲಿ ಡಾಸ್ (ವಿಂಡೋಸ್‌ಗೂ ಮುಂಚಿನ ಆಪರೇಟಿಂಗ್ ಸಿಸ್ಟಂ) ಬಗ್ಗೆ ಬಂದದ್ದು, ಡಾನ್ ಗೂಕಿನ್ ಬರೆದದ್ದು. ಇಂಗ್ಲಿಷ್ ಓದೋಕೆ ಬರುವವರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ. ತಮಾಷೆಗಳು ಅಮೆರಿಕದವು, ನಗು ಬರದಿದ್ದರೆ ಬಿಟ್ಟು ಮುಂದೆ ಹೋಗಿ. ವಿಷಯ ಹೇಳುವ ಕ್ರಮ ಚೆನ್ನಾಗಿದೆ. ನಾಚಿಕೆ ಆದರೆ ನ್ಯೂಸ್‌ಪೇಪರ್ ಬೈಂಡ್ ಹಾಕಿ.

ಈಗ ನನ್ನ ಅಕ್ಕನ ಮಗನ ಕಥೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್. "ಚಿಕ್ಕಿ, ಲಿನಕ್ಸ್ ಕಲೀಬೇಕು, ಆಪರೇಟಿಂಗ್ ಸಿಸ್ಟಂ ಪುಸ್ತಕ ತಂದೆ" ಅಂತ ಫೋನ್ ಮಾಡಿದ. ಅವೆನ್ಯೂ ರಸ್ತೆಯ ಸೆಕೆಂಡ್ ಹ್ಯಾಂಡ್. ಮುಖಪುಟದಲ್ಲಿ ಡೈನೋಸಾರ್ ಇದೆಯಾ ಅಂತ ಕೇಳಿದೆ. ಇದೆ ಅಂದ. ಅದು ಸಿಲ್ಬರ್‌ಶಾಟ್ಜ್ ಮತ್ತಿತರರ ಪಠ್ಯಪುಸ್ತಕ. ಕಾಲೇಜುಗಳಲ್ಲಿ ಬಹಳ ಕಾಲದಿಂದ ನಡೆಯುತ್ತಿರುವುದು, ಒಳ್ಳೆಯದೇ. ಒಂದೇ ಪ್ರೊಸೆಸರ್ ಮೇಲೆ ಹತ್ತು ಪ್ರೋಗ್ರಾಂಗಳಿಗೆ ಸರದಿ ಹೇಗೆ ಹಂಚುತ್ತಾರೆ, ಮೆಮೊರಿಯನ್ನು ಪುಟಗಳಾಗಿ ಹೇಗೆ ಒಡೆಯುತ್ತಾರೆ, ಎರಡು ಪ್ರೋಗ್ರಾಂ ಒಂದಕ್ಕೊಂದು ಕಾಯುತ್ತಾ ನಿಂತುಬಿಟ್ಟರೆ ಏನು ಗತಿ. ಇದೆಲ್ಲ ಅದರಲ್ಲಿದೆ. ಆದರೆ ಲಿನಕ್ಸ್ ಬಳಸೋಕೆ ಕಲಿಯಬೇಕು ಅಂದವನಿಗೆ ಅದನ್ನು ಕೊಡುವುದು ಅಂದರೆ ಬಸ್ ಓಡಿಸೋಕೆ ಬಂದವನ ಕೈಗೆ ಎಂಜಿನ್ ವಿನ್ಯಾಸದ ಪುಸ್ತಕ ಕೊಟ್ಟ ಹಾಗೆ. ಆಪರೇಟಿಂಗ್ ಸಿಸ್ಟಂ ಅನ್ನುವ ಹೆಸರಿನಲ್ಲಿ ಎರಡು ಜಾತಿ ಪುಸ್ತಕಗಳಿವೆ. ಬಳಸುವವರಿಗೆ ಒಂದು, ಒಳಗಿನದನ್ನು ತಿಳಿಯುವವರಿಗೆ ಒಂದು. ಅಂಗಡಿಯವರು ಎರಡನ್ನೂ ಒಂದೇ ಕಪಾಟಿನಲ್ಲಿ ಇಟ್ಟಿರುತ್ತಾರೆ.

ಅವನಿಗೆ ವಿಲಿಯಂ ಶಾಟ್ಸ್ ಬರೆದ "ದ ಲಿನಕ್ಸ್ ಕಮಾಂಡ್ ಲೈನ್" ಹೇಳಿದೆ. ಅಚ್ಚಿನಲ್ಲೂ ಸಿಗುತ್ತದೆ, ಪಿಡಿಎಫ್ ಅನ್ನು ಲೇಖಕರೇ ಉಚಿತವಾಗಿ ಕೊಟ್ಟಿದ್ದಾರೆ. ಅದನ್ನು ಇಷ್ಟಪಡೋಕೆ ಒಂದು ಕಾರಣ ಇದೆ. ಅದು ಪರದೆಯ ಚಿತ್ರಗಳನ್ನು ನಂಬಿಕೊಂಡಿಲ್ಲ. ಉಬುಂಟು 12.04 ನೋಡಿ ಬರೆದ ಪುಸ್ತಕದಲ್ಲಿ ಎಡಗಡೆ ಯೂನಿಟಿ ಅನ್ನುವ ಪಟ್ಟಿ ಇರುತ್ತದೆ. 2017ರ ಅಕ್ಟೋಬರ್‌ನಲ್ಲಿ ಉಬುಂಟು ಅದನ್ನು ಕೈಬಿಟ್ಟು ಗ್ನೋಮ್‌ಗೆ ಮರಳಿತು. ಆ ಚಿತ್ರಗಳೆಲ್ಲ ವ್ಯರ್ಥ. ಆದರೆ ಪಟ್ಟಿ ತೋರಿಸುವ ಎಲ್ಎಸ್, ನಕಲು ಮಾಡುವ ಸಿಪಿ, ಜಾಗ ಬದಲಿಸುವ ಎಂವಿ ಅನ್ನುವ ಆದೇಶಗಳು ಲಿನಕ್ಸ್‌ಗೂ ಹಿಂದಿನ ಯುನಿಕ್ಸ್‌ನಲ್ಲಿ ಎಪ್ಪತ್ತರ ದಶಕದಿಂದ ಹಾಗೇ ನಡೆದುಬಂದಿವೆ. ಟರ್ಮಿನಲ್ (ಇಂಥ ಆದೇಶ ಟೈಪ್ ಮಾಡುವ ಕಿಟಕಿ) ಕಲಿಸುವ ಪುಸ್ತಕಕ್ಕೆ ಆಯಸ್ಸು ಜಾಸ್ತಿ.

ಪೂರ್ತಿ ಅಲ್ಲ, ನಿಜ. ಸರ್ವರ್ ನೋಡಿಕೊಳ್ಳುವವರಿಗೆ ಬರೆದ ಪುಸ್ತಕದಲ್ಲಿ ಹಿಂದಿನ ಪಟ್ಟಿ ತೆರೆದು ಸಿಸ್ಟಂ-ಸಿಟಿಎಲ್ ಇದೆಯಾ ನೋಡಿ. ಅದು ಸಿಸ್ಟಂ-ಡಿಯ ಆದೇಶ. ಯಂತ್ರ ಶುರುವಾದಾಗ ಸೇವೆಗಳನ್ನು ಎಬ್ಬಿಸುವ ಸಿಸ್ಟಂ-ಡಿ ಉಬುಂಟುಗೆ 15.04ರಲ್ಲಿ ಬಂತು. ಅದಿಲ್ಲದೆ ಬರೀ ಹಳೇ ಪದ್ಧತಿಯ ಇನಿಟ್-ಡಿ ಇದ್ದರೆ ಆ ಪುಸ್ತಕ ಹತ್ತು ವರ್ಷಕ್ಕಿಂತ ಹಿಂದಿನದು. ನಮ್ಮ ಹುಡುಗ ಈಗ ಎರಡನ್ನೂ ಓದುತ್ತಾನೆ. ಡೈನೋಸಾರ್ ಸೆಮಿಸ್ಟರ್ ಪರೀಕ್ಷೆಗೆ, ಶಾಟ್ಸ್ ರಾತ್ರಿ ಹೊತ್ತಿಗೆ.

ಉಚಿತ ಅಂದಮೇಲೆ ಲಿಬ್ರೆ ಆಫೀಸ್ ಹೇಳಲೇಬೇಕು. ಅದರಲ್ಲಿ ವರ್ಡ್ ತರದ ರೈಟರ್‌ಗೆ, ಎಕ್ಸೆಲ್ ತರದ ಕ್ಯಾಲ್ಕ್‌ಗೆ ಒಂದೊಂದು ಪೂರ್ತಿ ಕೈಪಿಡಿ ಇದೆ, ಅವರ ಜಾಲತಾಣದಲ್ಲೇ. ಇಂಗ್ಲಿಷಿನಲ್ಲಿ. ಅಂಗಡಿಯ ಪುಸ್ತಕಗಳಿಗೆ ಯಾವ ರೀತಿಯಲ್ಲೂ ಕಡಿಮೆ ಇಲ್ಲ. ಯಾವ ಆವೃತ್ತಿಗೆ ಬರೆದದ್ದು ಅಂತ ಮೊದಲ ಪುಟದಲ್ಲೇ ಹಾಕಿರುತ್ತಾರೆ. ಹಂಚೋಕೆ, ಅಚ್ಚು ಹಾಕಿಕೊಳ್ಳೋಕೆ ಅನುಮತಿಯೂ ಇದೆ. ನಾನು ಬೇಕಾದ ಅಧ್ಯಾಯಗಳನ್ನು ಮಾತ್ರ ಪ್ರಿಂಟ್ ತೆಗೆಸಿ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸುತ್ತೇನೆ. ಸ್ಪೈರಲ್ ಯಾಕೆ ಅಂದರೆ, ಕೀಬೋರ್ಡ್ ಪಕ್ಕ ತೆರೆದಿಟ್ಟರೆ ಅದು ತೆರೆದೇ ಇರುತ್ತದೆ. ಅಂಟು ಹಾಕಿದ ದಪ್ಪ ಪುಸ್ತಕ ಫಟ್ ಅಂತ ಮುಚ್ಚಿಕೊಳ್ಳುತ್ತದೆ. ಒಂದು ಕೈಯಲ್ಲಿ ಮೌಸ್, ಇನ್ನೊಂದು ಕೈಯಲ್ಲಿ ಪುಸ್ತಕ ಅದುಮಿ ಹಿಡಿದು ಕಲಿಯುವುದು ಹೇಗೆ? ಅಂಗಡಿಯಲ್ಲೇ ನಡುವಿಗೆ ತೆರೆದು ಮೇಜಿನ ಮೇಲೆ ಇಟ್ಟು ನೋಡಿ. ಅಂಗಡಿಯವರು ಗುರಾಯಿಸಿದರೆ ಗುರಾಯಿಸಲಿ.

ಯೂಟ್ಯೂಬ್ ಇರುವಾಗ ಪುಸ್ತಕ ಯಾಕೆ ಅಂತ ಹುಡುಗರು ಕೇಳುತ್ತಾರೆ. ಮೊದಲ ಸಲ ನೋಡೋಕೆ ವಿಡಿಯೋ ಒಳ್ಳೆಯದು, ನಾನೂ ಹಾಕುತ್ತೇನೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿಬ್ರೆ ಆಫೀಸ್, ಲಿನಕ್ಸ್ ಪಾಠಗಳು ಕನ್ನಡದ ದನಿಯಲ್ಲೂ ಇವೆ. ಚಿಕ್ಕ ಚಿಕ್ಕವು. ನಿಲ್ಲಿಸಿ, ಮಾಡಿ ನೋಡಿ, ಮುಂದೆ ಹೋಗಿ ಅನ್ನುವ ಕ್ರಮ. ಆದರೆ ಮಾರ್ಚ್ 31ರ ಸಂಜೆ ಲೆಕ್ಕ ತಾಳೆಯಾಗದೆ ಕೂತಾಗ, ಆ ಮಾತು ಯಾವ ವಿಡಿಯೋದ ಎಷ್ಟನೇ ನಿಮಿಷದಲ್ಲಿ ಇತ್ತು ಅಂತ ಹುಡುಕುತ್ತೀರಾ?

ಕನ್ನಡದ ಪುಸ್ತಕಗಳ ವಿಷಯಕ್ಕೆ ಬಂದರೆ, ಒಳ್ಳೆಯವು ಇವೆ, ಕಡಿಮೆ ಇವೆ. ಎರಡು ವಿಷಯ ನೋಡಿ. ಮೆನುಗಳ ಹೆಸರನ್ನು ಪರದೆಯ ಮೇಲೆ ಇರುವ ಹಾಗೇ ಇಂಗ್ಲಿಷ್ ಅಕ್ಷರದಲ್ಲೂ ಕೊಟ್ಟಿದ್ದಾರಾ? ಇಲ್ಲದಿದ್ದರೆ ಪುಸ್ತಕ ನೋಡಿ ಪರದೆಯಲ್ಲಿ ಹುಡುಕುವುದು ಕಷ್ಟ. ಇನ್ನೊಂದು, ಕನ್ನಡ ಟೈಪಿಂಗ್ ಅಧ್ಯಾಯದಲ್ಲಿ ಯುನಿಕೋಡ್ (ಎಲ್ಲಾ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಇದೆಯಾ? ಹಳೇ ಪುಸ್ತಕಗಳು ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳನ್ನು ಅವುಗಳದೇ ಹಳೇ ಫಾಂಟ್ ಜತೆ ಕಲಿಸುತ್ತವೆ. ಹಾಗೆ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರಕ್ಕೆ ಕಳಿಸಿದರೆ ಅಲ್ಲಿ ಕಾಣುವುದು ಬರೀ ಇಂಗ್ಲಿಷ್ ಅಕ್ಷರಗಳ ಚಿತ್ತಾರ. ಕೀಲಿಗಳ ಜೋಡಣೆಯ ಪಾಠ ಮಾತ್ರ ಹಳೇದಾದರೂ ನಡೆಯುತ್ತದೆ. ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರ ಜೋಡಣೆಯನ್ನು ಆಧರಿಸಿದ ಕೀಲಿಮಣೆಯೇ ನುಡಿಯಲ್ಲಿ ಈಗಲೂ ಇರುವುದು. ಬೆರಳಿಗೆ ಒಮ್ಮೆ ಬಂದರೆ ಬಂತು.

ನನ್ನ ಹತ್ತಿರ ಈಗ ಇಲ್ಲದ್ದು ಒಂದೇ. 2025ರ ಹೊಸ ದರಗಳನ್ನು ಸೇರಿಸಿ ಟ್ಯಾಲಿಪ್ರೈಮ್‌ನಲ್ಲಿ ಜಿಎಸ್‌ಟಿ ಹೇಳಿಕೊಡುವ, ಹಿಂದೆ ಅಕಾರಾದಿ ಪಟ್ಟಿ ಇರುವ ಕನ್ನಡ ಪುಸ್ತಕ. ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ತಿಳಿಸಿ. ಎರಡು ಪ್ರತಿ ತರಿಸುತ್ತೇನೆ. ಒಂದು ಕ್ಲಾಸಿನಲ್ಲಿ ಇರೋಕೆ, ಇನ್ನೊಂದು ಎರವಲು ಕೊಡೋಕೆ. ಎರವಲು ಕೊಟ್ಟದ್ದು ವಾಪಸ್ ಬರುವುದಿಲ್ಲ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.